ಸೊಸೆ ಕೊಟ್ಟ ಕಿಡ್ನಿ

ನಮ್ಮೂರು ಪದವಿಯದಲ್ಲಿ ಭತ್ತ ಬೆಳೆಯುವ ಮನೆಗಳಿಗೆ ಕಿಡ್ನಿ ಕಾಯಿಲೆ ಹೊಸದಲ್ಲ. ಪಕ್ಕದ ಮನೆಯ ಪೊಡಿಮೆಣಿಕೆಯ ಗಂಡ ಅದರಲ್ಲೇ ತೀರಿಕೊಂಡ. ಆಮೇಲೆ ಅವಳ ಕಾಲೂ ಊದಿತು. ಡಯಾಲಿಸಿಸ್ಸಿಗೆಂದು ಬಸ್ಸಿನಲ್ಲಿ ಅನುರಾಧಪುರಕ್ಕೆ ಹೋಗಿಬಂದು ಗೋಡೆಗೊರಗಿ ಕೂತುಬಿಡುತ್ತಿದ್ದಳು. ಕುಡಿಯುವ ನೀರೂ ಡಾಕ್ಟರು ಹೇಳಿದ ಅಳತೆಯಲ್ಲೇ.

ಬೇರೆ ಕಿಡ್ನಿ ಹಾಕಬೇಕೆಂದರು ಡಾಕ್ಟರು. ಮಗ ಅಜಂತ ಕೊಡಲು ಹೋದರೆ, ಪರೀಕ್ಷೆಯಲ್ಲಿ ಅವನಿಗೂ ಕಾಯಿಲೆ ಶುರುವಾಗಿರುವುದು ತಿಳಿಯಿತು. ಬೇಗ ಗೊತ್ತಾದ್ದರಿಂದ ಮಾತ್ರೆಯಲ್ಲೇ ಹತೋಟಿಗೆ ಬಂತು, ಪುಣ್ಯ.

ಆಗ ಸೊಸೆ ಇನೋಕಾ ತಾನು ಕೊಡುತ್ತೇನೆಂದಳು. ಅವಳು ಗಾಲೆ ಕಡೆಯ ಕಡಲೂರಿನವಳು. ನಾಟಿ ಬಾರದವಳೆಂದು ಅತ್ತೆ ಹಂಗಿಸದ ದಿನವಿರಲಿಲ್ಲ.

"ನಿಂಗ್ಯಾಕಮ್ಮ ಈ ಉಸಾಬರಿ? ನಾ ಬೈದಿದ್ದೆಲ್ಲ ಮರೆತ್ಯಾ?"

"ಬೈಯೋಕೂ ತ್ರಾಣ ಬೇಕಲ್ವಾ ಅಮ್ಮಾ? ನೀವು ಸುಮ್ನಾದ್ಮೇಲೆ ಮನೆ ಬಿಕೋ ಅಂತಿದೆ."

ಇಬ್ಬರನ್ನೂ ಪರೀಕ್ಷಿಸಿದರು, ಹೊಂದಿಕೆಯಾಯಿತು. ಕ್ಯಾಂಡಿಯಲ್ಲಿ ಆಪರೇಷನ್ ಆಯಿತು. ಆ ಹಂಗಾಮಿನಲ್ಲಿ ಅವರ ಗದ್ದೆಯನ್ನು ನಾವು ಊರವರೇ ಮುಯ್ಯಾಳಾಗಿ ಕೊಯ್ದುಕೊಟ್ಟೆವು.

ಚೇತರಿಸಿಕೊಂಡ ಮೇಲೆ ಪೊಡಿಮೆಣಿಕೆ ತೆಂಗಿನಹಾಲಿನ ಅನ್ನ ಕಟ್ಟಿಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು, ಬೀಗತಿಯ ಊರಿಗೆ ಹೊರಟಳು. ಅಂಗಳದಲ್ಲೇ ಕೈ ಮುಗಿದಳು.

"ನಿಮ್ಮ ಮಗಳಿಂದ ಉಳ್ಕೊಂಡಿದೀನಿ, ತಂಗಿ."

ಬೀಗತಿಗೆ ನಾಚಿಕೆ. "ಅಯ್ಯೋ ಅಕ್ಕಾ, ಬಿಸಿಲಲ್ಲಿ ಬಂದಿದೀರಿ. ಮೊದ್ಲು ಕೂತು ನೀರು ಕುಡೀರಿ" ಎಂದು ದೊಡ್ಡ ಚೊಂಬು ತಂದಳು. ಪೊಡಿಮೆಣಿಕೆ ನನ್ನ ಮುಖ ನೋಡಿ ನಕ್ಕಳು. ಆಮೇಲೆ ಗಟಗಟ ಅಷ್ಟನ್ನೂ ಕುಡಿದು, ಇನ್ನೊಂದಿಷ್ಟು ಕೊಡಿ ಎಂದಳು.