ಬೆಂಕಿ ಕಾಣದ ಒಲೆ

ಗಿಣಿಗೇರಾದ ನಮ್ಮ ಮನೆಯ ಒಲೆಗೆ ದಿನಾ ಬೆಳಗ್ಗೆ ವಿಭೂತಿ ಹಚ್ಚುವವಳು ನನ್ನ ಅತ್ತೆ ಕಸ್ತೂರೆಮ್ಮ. ಸ್ನಾನ ಮಾಡದೆ ಒಲೆ ಮುಟ್ಟಿದರೆ ಸೊಸೆಯಾದ ನನ್ನ ಕೈಗೆ ಸೌಟಿನ ಏಟು ಬೀಳುತ್ತಿತ್ತು. ಯಲಬುರ್ಗಾದ ಕಚೇರಿಗೆ ಬೆಳಗಿನ ಬಸ್ಸು ಹಿಡಿಯಬೇಕಾದ ನಾನು ಹಠ ಮಾಡಿ ಮೈಕ್ರೋವೇವ್ ತಂದೆ. ಅತ್ತೆ ಮುಖ ತಿರುಗಿಸಿದಳು.

"ಬೆಂಕಿ ಕಾಣದ್ದು ಒಲಿ ಹೆಂಗಾಗ್ತೈತಿ? ಇದರಾಗಿನ ಅನ್ನ ನಾಯಿ ಸುದ್ದಾ ಮೂಸಂಗಿಲ್ಲ."

ನಾನೂ ಬಿಡಲಿಲ್ಲ. ಮರುದಿನ ಅವಳೆದುರೇ, ಸ್ನಾನಕ್ಕೂ ಮೊದಲು, ಅದರಲ್ಲಿ ಚಹಾ ಕಾಸಿ ಕುಡಿದೆ. "ಒಲಿ ಅಲ್ಲ ಅಂದ್ರಲ್ರಿ ಅತ್ತಿ, ಮತ್ಯಾಕ ಜಳಕ?"

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬೇಗ ಬಂದೆ. ಓಣಿಗೆಲ್ಲ ಹುರಿದ ಶೇಂಗಾದ ವಾಸನೆ. ಅತ್ತೆ ನನ್ನ ಮೈಕ್ರೋವೇವಿನಲ್ಲಿ ಶೇಂಗಾ ಹುರಿದು, ಹಪ್ಪಳ ಸುಟ್ಟು, ಪಕ್ಕದ ಮನೆಯವಳಿಗೆ ಪಾಠ ಹೇಳುತ್ತಿದ್ದಳು.

"ಎಣ್ಣಿ ಬ್ಯಾಡ, ಹೊಗಿ ಇಲ್ಲ. ನಡುವ ತೆಗೆದು ತಿರುವಿದ್ರ ಒಂದು ಕಾಳೂ ಕರಕಾಗಂಗಿಲ್ಲ ನೋಡವಾ."

ಅದರ ಬಾಗಿಲ ಮೇಲೆ ವಿಭೂತಿಯ ಮೂರು ಪಟ್ಟೆ ಬಿದ್ದಿದ್ದವು. ಸಿಟ್ಟು ನುಂಗಿಕೊಂಡು, ಅನ್ನ ಬಿಸಿ ಮಾಡಿಕೊಳ್ಳಲು ಬಾಗಿಲಿಗೆ ಕೈ ಹಾಕಿದೆ. ಕೈ ಮೇಲೆ ಸೌಟು ಬಿತ್ತು.

"ಬಸ್ಸಿನಿಂದ ಇಳದು ಸೀದಾ ಇಲ್ಲಿಗೇ ಬಂದೇನ? ಜಳಕ ಮಾಡಿ ಬಾ. ಒಲಿ ಅದು!"