ಹತ್ತೊಂಬತ್ತನೆಯ ಕಾಳು

2004ರ ಫೆಬ್ರವರಿ, ಒಂದು ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ತಾಳವಾಡಿಯ ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಾನು ಮತ್ತು ಹನ್ನೊಂದನೆಯ ತರಗತಿಯ ಒಬ್ಬ ಹುಡುಗಿ ಇದ್ದೆವು. ಅವಳ ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ.

ಹುಡುಗಿ ತಿಗನಾರೆಯವಳು. ರಾಗಿ ಒಕ್ಕುವ ಕಾಲದಲ್ಲಿ ಅಪ್ಪನ ಜೊತೆ ಕೂಲಿಗೆ ಹೋಗಿ ಅರ್ಧವಾರ್ಷಿಕ ಪರೀಕ್ಷೆ ತಪ್ಪಿಸಿಕೊಂಡಿದ್ದಳು. ಬೇರೆ ಶಾಲೆಯ ಮೇಷ್ಟರೊಬ್ಬರು ಬಂದು ಬಾಯಿಮಾತಿನಲ್ಲಿ ಪರೀಕ್ಷಿಸುವುದು, ಪಾಸಾದರೆ ಮಾತ್ರ ವಾರ್ಷಿಕ ಪರೀಕ್ಷೆಗೆ ಕೂರಿಸುವುದು ಎಂದು ತೀರ್ಮಾನವಾಗಿತ್ತು. ಇಲ್ಲವಾದರೆ ನಾಳೆಯಿಂದಲೇ ಕೂಲಿಗೆ ಎಂದು ಅಪ್ಪ ಬರುವಾಗಲೇ ಹೇಳಿಬಿಟ್ಟಿದ್ದ.

ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಎದ್ದು, ಗಂಟೆ ಹೊಡೆದರೆ ಮಲಗಿ ಬೆಳೆದವನು ನಾನು. ಯಾವುದನ್ನೂ ಒಮ್ಮೆ ನೋಡಿಕೊಳ್ಳದೆ ಬಿಡುವವನಲ್ಲ. ಪರೀಕ್ಷಕರು ಬರುವ ಮೊದಲು ಮೇಜಿನ ಮೇಲೆ ಸೀಮೆಸುಣ್ಣದಿಂದ ಒಂದರ ಹೊರಗೊಂದು ಬಳೆ ಬರೆದು, ಎಲೆಕ್ಟ್ರಾನುಗಳ ಬದಲಿಗೆ ಅವರೆಕಾಳು ಕೊಟ್ಟೆ. ಅವಳಿಗೆ ಅವಳದೇ ಲೆಕ್ಕವಿತ್ತು. ಪರಮಾಣು ಎಂದರೆ ರಾಗಿ ಒಕ್ಕುವ ಕಣ, ನ್ಯೂಕ್ಲಿಯಸ್ ಎತ್ತು ಕಟ್ಟುವ ನಡುವಿನ ಮೇಟಿಗಂಬ, ಎಲೆಕ್ಟ್ರಾನು ಅದರ ಸುತ್ತ ತುಳಿಯುವ ಎತ್ತು. ಮೇಟಿಯ ಹತ್ತಿರದ ಜಾಗ ಮೊದಲು ತುಂಬಬೇಕು, ಆಮೇಲೆ ಆಚೆಯದು. ಆರ್ಗಾನಿನವರೆಗೆ ಒಂದೂ ತಪ್ಪಲಿಲ್ಲ.

ಪೊಟ್ಯಾಸಿಯಂ ಕೇಳಿದೆ. ಎರಡು, ಎಂಟು, ಮೂರನೆಯ ಬಳೆಯಲ್ಲಿ ಒಂಬತ್ತು.

"ಅಲ್ಲಿ ಎಂಟೇ. ಉಳಿದದ್ದು ನಾಲ್ಕನೆಯದಕ್ಕೆ," ಎಂದೆ.

"ಮೂರ್ನೇದು ಅದಿನೆಂಟು ಇಡೀತದೆ ಅಂತ ನೀವೇ ಏಳಿದ್ರಿ ಸಾ. ಒಳ್ಗೆ ಜಾಗ ಇದ್ರೂ ಈಚೆ ಕಟ್ಟೋದ್ಯಾಕೆ?"

ಮೂರನೆಯ ಕವಚದಲ್ಲಿ ಉಳಿದ ಜಾಗಗಳಿಗಿಂತ ನಾಲ್ಕನೆಯದರ ಮೊದಲ ಜಾಗಕ್ಕೆ ಶಕ್ತಿ ಕಡಿಮೆ ಸಾಕು, ಅದಕ್ಕೇ ಅದು ಮೊದಲು ತುಂಬುತ್ತದೆ ಎಂದು ವಿವರಿಸಿದೆ. ತಲೆಯಾಡಿಸಿದಳು. ಮತ್ತೆ ಇಡಲು ಹೇಳಿದಾಗ ಕೈ ಮೂರನೆಯ ಬಳೆಗೇ ಹೋಯಿತು.

"ಆ ಕೈ ಕಳೆ ಕೀಳಾಕೇ ಸರಿ ಕಣ್ ಸಾ," ಎಂದ ಅಪ್ಪ, ಹೊರಗಿನಿಂದ. ಅವಳು ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಪರೀಕ್ಷಕರು ಬಂದರು. ಇನ್ನು ನಾನು ಬಾಯಿ ಬಿಡುವಂತಿರಲಿಲ್ಲ. ಕಿಟಕಿಯ ಬಳಿ ನಿಂತೆ.

ಸೋಡಿಯಂ ಕೇಳಿದರು, ಕ್ಲೋರಿನ್ ಕೇಳಿದರು, ಸರಿಯಾಗಿ ಜೋಡಿಸಿದಳು. ಇನ್ನು ಮುಗಿಯಿತು ಎಂದುಕೊಳ್ಳುವಾಗ ಪೊಟ್ಯಾಸಿಯಂ ಎಂದರು. ಎರಡಿಟ್ಟಳು, ಎಂಟಿಟ್ಟಳು, ಇನ್ನೂ ಎಂಟಿಟ್ಟಳು. ಕೊನೆಯ ಕಾಳು ಬೆರಳ ತುದಿಯಲ್ಲಿ, ಮೂರನೆಯ ಬಳೆಯ ಮೇಲೆಯೇ ನಿಂತಿತು. ನನ್ನ ಕೈಯಲ್ಲಿದ್ದ ಬೀಗದಕೈ ಅಂಗೈಗೆ ಒತ್ತುತ್ತಿತ್ತು. ಅಪ್ಪ ಎದ್ದು ಬಾಗಿಲಿಗೆ ಬಂದಿದ್ದ.

ಕಾಳನ್ನು ನಾಲ್ಕನೆಯ ಬಳೆಯ ಮೇಲಿಟ್ಟಳು.

"ಬಾಯಿಪಾಠವೋ?" ಎಂದರು ಪರೀಕ್ಷಕರು. "ಒಳಗೆ ಜಾಗವಿದೆಯಲ್ಲ, ಹೊರಗೇಕೆ?"

ಅವಳು ಆ ಕಾಳಿನ ಮೇಲೆ ಬೆರಳಿಟ್ಟಳು. ಆಮೇಲೆ ಹೇಳಿದಳು: "ಕಣದಾಗೆ ಪಳಗ್ದೇ ಇರೋ ಓರಿನ ಎತ್ಗೋಳ ಸಾಲಲ್ಲಿ ಕಟ್ಟಲ್ಲ ಸಾ. ಜಾಗ ಇದ್ರೂ ಈಚೆ ಕಟ್ತೀವಿ. ಅದೇ ಮೊದ್ಲು ಕಿತ್ಕೊಂಡೋಗೋದು."

ಅವರು ಪೆನ್ನು ಕೆಳಗಿಟ್ಟರು. "ಇದು ಕಣದ ಮಾತಾಯಿತು. ಪರಮಾಣುವಿನ ಮಾತು ಹೇಳು."

"ಮೂರ್ನೇದ್ರಾಗೆ ಉಳ್ದಿರೋ ಜಾಗಕ್ಕೆ ಶಕ್ತಿ ಜಾಸ್ತಿ ಬೇಕು ಸಾ. ನಾಲ್ಕ್ನೇದ್ರ ಮೊದ್ಲ್ನೇ ಜಾಗಕ್ಕೆ ಕಮ್ಮಿ."

"ಅದು ಕಿತ್ತುಕೊಂಡು ಹೋದ ಮೇಲೆ?"

"ಉಳ್ದಿದ್ದು ಧನ ಅಯಾನು."

ಪರೀಕ್ಷಕರು ಪಾಸು ಎಂದು ಬರೆದು ರುಜು ಹಾಕಿದರು. ನಾನು ಕುರ್ಚಿ ಎಳೆದುಕೊಂಡು ಕುಳಿತೆ; ಶಾಲೆಯ ಹೊತ್ತಿನಲ್ಲಿ ಹಾಗೆ ಕೂರುವ ಅಭ್ಯಾಸ ನನಗಿಲ್ಲ.

ಮೆಟ್ಟಿಲ ಬಳಿ ಅಪ್ಪ ಅವಳ ಮುಖ ನೋಡಲಿಲ್ಲ. "ಒಕ್ಕಣೇಲಿ ಕಿತ್ಕೊಂಡೋದ ಆ ಓರಿ ಇಂದಿಂದೆ ಕಾಡಂಚಿನ ಗಂಟ ಓಡ್ದೋನು ನಾನು ಸಾ, ಪಾಸಾದೋಳು ಇವ್ಳು," ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ನಾಳೆ ಶಾಲೆಗೆ ಬರುತ್ತಾಳೆಯೇ ಎಂದು ಕೇಳಿದೆ. "ಒತ್ತಾರೆ ಬಸ್ಸಿಗೇ ಅತ್ತಿಸ್ತೀನಿ," ಎಂದ.

ಮಧ್ಯಾಹ್ನದ ಪಾಠಗಳನ್ನು ಎಂದಿನಂತೆ ಮುಗಿಸಿದೆ. ಸಂಜೆ ಅವರೆಕಾಳನ್ನು ಡಬ್ಬಿಗೆ ತುಂಬಿ, ಒದ್ದೆ ಬಟ್ಟೆಯಿಂದ ಮೇಜಿನ ಬಳೆಗಳನ್ನು ಒರೆಸಿ, ಪ್ರಯೋಗಶಾಲೆಗೆ ಬೀಗ ಹಾಕಿದೆ.