ಕ್ವಿನೈನ್ ಕಾರ್ಖಾನೆಯ ಶೇರು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾರ ಮನೆಗೆ ಚಳಿಜ್ವರ ಬಂದಿದೆ ಎಂದು ವಿಚಾರಿಸಬೇಕಾಗಿರಲಿಲ್ಲ. ಆ ಜ್ವರ ದಿನ ಬಿಟ್ಟು ದಿನ ಬರುತ್ತಿತ್ತು. ಜ್ವರ ಬಂದ ಮನೆಯ ಮಗ್ಗ ಒಂದು ದಿನ ಆಡುತ್ತಿತ್ತು, ಮರುದಿನ ಸುಮ್ಮನಿರುತ್ತಿತ್ತು. ಯುದ್ಧ ನಡೆಯುತ್ತಿದ್ದ ಆ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಮೂಲೆಯ ಮನೆಯಲ್ಲಿ ಶುರುವಾದ ಮೌನ ಒಂದೊಂದೇ ಬಾಗಿಲು ದಾಟಿ ನಮ್ಮ ಕಡೆಗೆ ಬರುತ್ತಿತ್ತು.

ಮೊದಲೆಲ್ಲ ಕ್ವಿನೈನ್ ಮಾತ್ರೆ ಸುಲಭವಾಗಿ ಸಿಗುತ್ತಿತ್ತು. ಅದರ ಕಹಿ ಮಕ್ಕಳಿಗೂ ಗೊತ್ತಿತ್ತು. ಈಗ ಅದನ್ನು ಮಾಡುವ ಮರದ ತೊಗಟೆ ಹಡಗಿನಲ್ಲಿ ಬರುವುದು ನಿಂತು, ಬೆಂಗಳೂರಿನ ಒಂದು ಸಣ್ಣ ಔಷಧಿ ಕಾರ್ಖಾನೆ ಬಾಗಿಲು ಹಾಕಿತ್ತು. ನಮ್ಮ ಸೀರೆಗಳನ್ನು ಕೊಳ್ಳುತ್ತಿದ್ದ ಚಿಕ್ಕಪೇಟೆಯ ಸಾಹುಕಾರರು ಅಣ್ಣನಿಗೆ ಆ ಸುದ್ದಿ ಹೇಳಿದರು.

"ಕಾರ್ಖಾನೆ ನಿಂತಿದೆ ಅಂತ ಅದರ ಶೇರು ಕೇಳೋರಿಲ್ಲ. ಸರ್ಕಾರ ಎಲ್ಲಿಂದಾದ್ರೂ ತೊಗಟೆ ಕೊಡ್ಸೇ ಕೊಡ್ಸುತ್ತೆ. ಈಗ್ಲೇ ತಗೊಂಡಿಟ್ಕೊ."

ಸಾಹುಕಾರರು ಹೇಳಿದ್ದು ಲಾಭದ ಮಾತು. ಅಣ್ಣನಿಗೆ ಅದು ಬೇರೆಯಾಗಿಯೇ ಕೇಳಿಸಿತು. ನಮ್ಮ ನೇಕಾರರ ಸೊಸೈಟಿಯಲ್ಲಿ ನೂಲಿಗೆ ಎಷ್ಟೇ ಅಭಾವವಿದ್ದರೂ ಶೇರು ಇದ್ದವನಿಗೆ ಮೊದಲು ನೂಲು ಕೊಡುತ್ತಿದ್ದರು. ಶೇರು ಎಂಬುದನ್ನು ನಾವು ಕಂಡಿದ್ದು ಅಲ್ಲಿ ಮಾತ್ರ. ಅತ್ತಿಗೆ ಆಗ ಬಸುರಿ; ಜ್ವರ ತಗುಲಿದರೆ ಎರಡು ಜೀವಕ್ಕೂ ಅಪಾಯ.

"ನೂಲು ಕೊಟ್ಟ ಹಾಗೆ ಮಾತ್ರೆ ಕೊಡ್ತಾರೆ ಕಣೋ," ಎಂದ ಅಣ್ಣ. ನನಗೂ ಸರಿಯೆನಿಸಿತು. ಮನೆಯ ಎರಡು ಮಗ್ಗಗಳಲ್ಲಿ ನಾನು ಕೂರುತ್ತಿದ್ದುದನ್ನು ಮಾರಿದೆವು.

ಶೇರಿನ ಕಾಗದ ದೇವರ ಗೂಡಿಗೆ ಬಂತು. ಬೀದಿಯವರು ಬಂದು ನೋಡಿದರು. ಪಕ್ಕದ ಮನೆಯ ತಾತ, "ಏನಪ್ಪಾ, ಇನ್ಮೇಲೆ ನೀನು ಡಾಕ್ಟರಿಗಿಂತ ದೊಡ್ಡೋನು. ನನ್ನ ಸೊಸೇನ ಮರೀಬೇಡ," ಎಂದ. ಅಣ್ಣ ನಕ್ಕು ಒಪ್ಪಿಕೊಂಡ. ಕೇಳಿದವರಿಗೆಲ್ಲ ಒಪ್ಪಿಕೊಂಡ.

ತೊಗಟೆ ಬಂತು, ಕಾರ್ಖಾನೆ ನಡೆಯಿತು. ಸೊಸೈಟಿಯಿಂದ ಬರುವ ಹಾಗೆ ಅಲ್ಲಿಂದಲೂ ಕರೆ ಬರುತ್ತದೆಂದು ಅಣ್ಣ ಕಾದ. ಸೀರೆ ಕೊಡಲು ಹೋದಾಗಲೆಲ್ಲ ಸಾಹುಕಾರರು ಶೇರು ಇನ್ನೂ ಏರಿದೆ ಎನ್ನುತ್ತಿದ್ದರು. ಜ್ವರ ಹರಡಿದಷ್ಟೂ ಅದು ಏರುತ್ತಿತ್ತು. ಮೂಲೆಯ ಮನೆಯಿಂದ ಹೆಣ ಎತ್ತಿದ ದಿನವೂ ಏರಿತ್ತು.

"ಅದು ಏರ್ತು ಅಂದಾಗೆಲ್ಲ ನನಗೆ ಎದೆ ಹೊಡ್ಕೊಳುತ್ತೆ ರೀ. ಮಾರ್ಬಿಡಿ," ಎಂದರು ಅತ್ತಿಗೆ.

"ಮಾರಿದ್ರೆ ಮಾತ್ರೆ ಹೋಗುತ್ತಲ್ಲೇ."

ಒಂದು ಬೆಳಿಗ್ಗೆ ಅತ್ತಿಗೆ ರಾಟೆಯ ಮುಂದೆ ನೂಲು ಸುತ್ತುತ್ತಿದ್ದರು. ಎಳೆ ಕಡಿಯಿತು. ಗಂಟು ಹಾಕಿದರು, ಮತ್ತೆ ಕಡಿಯಿತು. ನಾನು ಅವರ ಕೈ ನೋಡಿದೆ.

"ಚಳಿ ಅಲ್ಲ, ಗಾಳಿ," ಎಂದರು. ಬಾಗಿಲು ಮುಚ್ಚಿತ್ತು.

ಮರುದಿನ ಅಣ್ಣನೂ ನಾನೂ ಕಾಗದ ಹಿಡಿದು ರೈಲು ಹತ್ತಿದೆವು. ಕಾರ್ಖಾನೆಯ ಗುಮಾಸ್ತರು ಅಣ್ಣನಿಗೆ ಕುರ್ಚಿ ಕೊಟ್ಟರು. ವಿಷಯ ಕೇಳಿ ಕಾಗದವನ್ನು ಮಡಿಸಿ ಅವನ ಕೈಗೇ ಕೊಟ್ಟರು.

"ಮಾತ್ರೆ ಪೂರಾ ಸರ್ಕಾರಕ್ಕೆ ಹೋಗುತ್ತೆ, ಯಜಮಾನ್ರೇ. ಶೇರಿಗೆ ಸಿಗೋದು ಲಾಭ, ಅದೂ ವರ್ಷಕ್ಕೊಂದ್ಸಲ."

"ನಮ್ಮ ಸೊಸೈಟೀಲಿ ನೂಲು ಕೊಡ್ತಾರಲ್ಲ ಸ್ವಾಮಿ."

"ಇದು ಸೊಸೈಟಿ ಅಲ್ಲ."

ಅಲ್ಲಿಂದ ನೇರ ಸಾಹುಕಾರರ ಅಂಗಡಿಗೆ ಹೋಗಿ ಅಣ್ಣ ಶೇರು ಮಾರಿದ. ಬಂದ ಹಣ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪೇಟೆಯ ಒಂದು ಸಂದಿಯಲ್ಲಿ ಕಾಳಸಂತೆಯವನೊಬ್ಬ ಅಷ್ಟನ್ನೂ ತೆಗೆದುಕೊಂಡು ಒಂದು ಸೀಸೆ ಮಾತ್ರೆ ಕೊಟ್ಟ.

ಸಂಜೆ ಮನೆಗೆ ಬಂದಾಗ ಜಗಲಿಯಲ್ಲಿ ಬೀದಿಯವರು ಕಾದಿದ್ದರು. ಅಣ್ಣ ಒಳಗೆ ಹೋಗಿ ಮೊದಲ ಮಾತ್ರೆಯನ್ನು ಅತ್ತಿಗೆಗೆ ಕೊಟ್ಟ. ಅವರು ಕಹಿಗೆ ಹೆದರಿ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಆಮೇಲೆ ಕಣ್ಣು ತೆರೆದರು.

"ಕಹೀನೇ ಇಲ್ವಲ್ರೀ."

ಅಣ್ಣ ತಾನೊಂದನ್ನು ಅಗಿದ. ನನಗೂ ಒಂದು ಕೊಟ್ಟ. ನನ್ನ ಬಾಯಲ್ಲಿ ಅದು ಹಿಟ್ಟಿನ ಹಾಗೆ ಕರಗಿತು.

ಜಗಲಿಗೆ ಹೋಗಿ ಅಣ್ಣ, "ಮೋಸ ಹೋದ್ವಿ ತಾತ. ಬರೀ ಹಿಟ್ಟು," ಎಂದ.

ತಾತ ಎದ್ದು ನಿಂತ. "ಶೇರಿದ್ದೋನಿಗೆ ಹಿಟ್ಟು ಕೊಡ್ತಾರೇನಪ್ಪಾ?" ಎಂದ, ದನಿ ಏರಿಸದೆ. ಉಳಿದವರೂ ನಂಬದೆ ಅವನ ಹಿಂದೆಯೇ ಎದ್ದು ಹೋದರು.

ಮರುದಿನ ಜ್ವರದ ಸರದಿ. ಆ ಚಳಿಯಿಂದ ಅತ್ತಿಗೆ ಏಳಲಿಲ್ಲ.

ಹೆಣ ಎತ್ತಲು ಬೀದಿಯವರೆಲ್ಲ ಬಂದರು, ಅಣ್ಣನೊಡನೆ ಯಾರೂ ಮಾತಾಡಲಿಲ್ಲ. ತಾತ ಒಳಗೆ ಬಂದು, ಶೇರಿನ ಕಾಗದವಿದ್ದ ಗೂಡಿನಲ್ಲೇ ಇಟ್ಟಿದ್ದ ಸೀಸೆಯನ್ನು ಎತ್ತಿಕೊಂಡ. ಅಣ್ಣನ ಎದುರಿಗೇ ಮುಚ್ಚಳ ತೆಗೆದು ಒಂದು ಮಾತ್ರೆಯನ್ನು ನಾಲಗೆಯ ಮೇಲಿಟ್ಟುಕೊಂಡು, ಕಹಿಗಾಗಿ ಕಾಯುತ್ತ, ಅದು ಕರಗಿ ಮುಗಿಯುವವರೆಗೂ ನಿಂತ. ಆಮೇಲೆ ಮುಚ್ಚಳ ಹಾಕಿ, ಸೀಸೆಯನ್ನು ಇದ್ದಲ್ಲೇ ಇಟ್ಟು, ಹೆಗಲು ಕೊಡಲು ಹೊರಗೆ ಹೋದ.